ಚಿಕ್ಕ ಸಾರ್ ಇಲ್ಲದ ಕಾಲೇಜು

“ಬುದ್ಧಿ, ನಾನು ಎರಡನೆಯವನಾಗಿ ಇನ್ನೂ ಎಷ್ಟು ದಿನ ಇರಬೇಕು?”

ಕೇಳಿದವರು ಮಠದ ಕಿರಿಯ ಸ್ವಾಮಿ. ಕೇಳಿಸಿಕೊಂಡವರು ಹಿರಿಯ ಗುರು. ಆ ಸೀಮೆಯಲ್ಲಿ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುವುದು ವಾಡಿಕೆ. ಹಾಗಾಗಿ ಭಕ್ತರ ಬಾಯಲ್ಲಿ ಹಿರಿಯರು ದೊಡ್ಡ ಬುದ್ಧಿ, ಕಿರಿಯರು ಚಿಕ್ಕ ಬುದ್ಧಿ.

ಅಂದು ಬೆಳಿಗ್ಗೆ ಹೊಳೆಯಾಚೆಯ ಮಠದ ಭಕ್ತರು ಹಣ್ಣುಕಾಯಿ ಹಿಡಿದು ಬಂದಿದ್ದರು. ಅವರ ಗುರು ಲಿಂಗೈಕ್ಯರಾಗಿ ವರ್ಷ ಕಳೆದಿತ್ತು. ಪೀಠ ಬರಿದಾಗಿತ್ತು. ಚಿಕ್ಕ ಬುದ್ಧಿಯವರನ್ನು ನಮಗೆ ಕೊಡಿ ಎಂದು ಅವರು ಬೇಡಿದರು. ದೊಡ್ಡ ಬುದ್ಧಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪ್ರಸಾದ ಮಾಡಿಕೊಂಡು ಹೋಗಿ ಎಂದರು. ಬಂದವರು ಹೊಟ್ಟೆ ತುಂಬ ಉಂಡು ಹೋದರು. ಚಿಕ್ಕ ಬುದ್ಧಿಗೆ ಮಾತ್ರ ತುತ್ತು ಇಳಿಯಲಿಲ್ಲ.

ಮಠಕ್ಕೆ ಸೇರಿದ ಕಾಲೇಜಿನ ಹಿಂದೆ ಬಾಸ್ಕೆಟ್‌ಬಾಲ್ ಅಂಕಣವಿತ್ತು. ಸಂಜೆ ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತು ಹುಡುಗರ ಆಟ ನೋಡುವುದು ದೊಡ್ಡ ಬುದ್ಧಿಯವರ ಅಭ್ಯಾಸ. ಚಿಕ್ಕ ಬುದ್ಧಿ ಅಲ್ಲಿಗೇ ಬಂದು ಈ ಪ್ರಶ್ನೆ ಕೇಳಿದರು. ಕೇಳಿ ನಿಲ್ಲಲಿಲ್ಲ. ಬೆಂಚಿನ ಮುಂದೆ ಅತ್ತ ನಡೆದರು, ಇತ್ತ ನಡೆದರು.

“ಕೂತುಕೋ ಮರಿ,” ಎಂದರು ಗುರು. “ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಬೇಡ. ನನಗೆ ಆಟ ಕಾಣುತ್ತಿಲ್ಲ.”

“ಅಲ್ಲಿಗೆ ಹೋದರೆ ನಾನೇ ನಿಂತು ಮಠ ನಡೆಸುತ್ತೇನೆ, ಬುದ್ಧಿ. ಇಲ್ಲಿ ಎಷ್ಟು ದುಡಿದರೂ ನಾನು ಚಿಕ್ಕ ಬುದ್ಧಿ. ಆ ಹೆಸರು ಕೇಳಿ ಕೇಳಿ ಸಾಕಾಗಿದೆ.”

“ನನ್ನನ್ನು ದೊಡ್ಡ ಬುದ್ಧಿ ಎನ್ನುತ್ತಾರೆ. ಅದಾದರೂ ನಿಜವೇ?” ಗುರು ನಕ್ಕರು. “ಒಂದು ಕತೆ ಹೇಳುತ್ತೇನೆ. ಕೇಳಿ ಆಮೇಲೆ ಎಲ್ಲಿಗಾದರೂ ಹೋಗು. ಕೂರಲು ಆಗದಿದ್ದರೆ ನಿಂತೇ ಕೇಳು. ರಾಜನ ಕತೆಯಲ್ಲ, ಋಷಿಯ ಕತೆಯೂ ಅಲ್ಲ. ಇದೇ ಚೆಂಡಿನ ಆಟದ ಕತೆ.”

ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಕಾಲೇಜು ಇತ್ತು. ಕಾಲೇಜಿಗೆ ಒಂದು ಬಾಸ್ಕೆಟ್‌ಬಾಲ್ ತಂಡ ಇತ್ತು. ತಂಡಕ್ಕೆ ಒಬ್ಬ ಕೋಚ್ ಇದ್ದ. ಅವನ ಕೈಕೆಳಗೆ ಇನ್ನೊಬ್ಬ ಕೋಚ್ ಇದ್ದ. ಹುಡುಗರು ಮೊದಲನೆಯವನನ್ನು ದೊಡ್ಡ ಸಾರ್ ಎಂದರು, ಎರಡನೆಯವನನ್ನು ಚಿಕ್ಕ ಸಾರ್ ಎಂದರು. ನಮ್ಮ ಜನ ಹಾಗೆಯೇ, ಮರಿ. ಇಬ್ಬರನ್ನು ಒಟ್ಟಿಗೆ ಕಂಡರೆ ಅಳತೆ ಹಾಕದೆ ಬಿಡುವುದಿಲ್ಲ. ಅಪ್ಪನ ತಮ್ಮ ಆರಡಿ ಎತ್ತರವಿದ್ದರೂ ಅವನು ಚಿಕ್ಕಪ್ಪನೇ.

ಚಿಕ್ಕ ಸಾರ್ ಮೈಗಳ್ಳನಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ. ಹುಡುಗರ ಜೊತೆ ತಾನೂ ಓಡುತ್ತಿದ್ದ. ಬೇರೆ ಊರಿಗೆ ಹೋಗಿ ಎದುರಾಳಿಗಳ ಆಟ ನೋಡಿ ಬಂದು ಅವರ ಹುಳುಕು ಹೇಳುತ್ತಿದ್ದ. ಆಟದ ಒಳಹೊರಗು ಅವನಿಗೆ ಅಂಗೈ ನೆಲ್ಲಿಕಾಯಿ. ಒಂದು ಕೆಲಸ ಮಾತ್ರ ಅವನಿಂದ ಆಗುತ್ತಿರಲಿಲ್ಲ. ಕೂರುವುದು.

ಈ ಆಟದಲ್ಲಿ ಒಂದು ಕಟ್ಟಳೆ ಇದೆ. ಐವರು ಆಡುತ್ತಾರೆ. ಉಳಿದವರು ಗೆರೆಯಾಚೆ ಸಾಲಾಗಿ ಕೂತಿರುತ್ತಾರೆ. ಆಟ ನಡೆಯುವಾಗ ಒಂದು ತಂಡದಿಂದ ಒಬ್ಬ ಕೋಚ್ ಮಾತ್ರ ನಿಂತಿರಬಹುದು. ಒಬ್ಬ ನಿಂತರೆ ಇನ್ನೊಬ್ಬ ಕೂರಲೇಬೇಕು. ದೊಡ್ಡ ಸಾರ್ ಎಂದೂ ಕೂತವನಲ್ಲ. ಆದ್ದರಿಂದ ಚಿಕ್ಕ ಸಾರ್ ಎಂದೂ ನಿಂತವನಲ್ಲ.

ಕೂತಿದ್ದ ಎಂದರೂ ತಪ್ಪಾಗುತ್ತದೆ. ಕುರ್ಚಿಯ ಅಂಚಿಗೆ ತಾಗಿಕೊಂಡಿದ್ದ. ಅವನ ಕಣ್ಣು ಅರ್ಧ ಆಟದ ಮೇಲೆ, ಅರ್ಧ ದೊಡ್ಡ ಸಾರ್‌ನ ಬೆನ್ನಿನ ಮೇಲೆ. ಈ ಬೆನ್ನು ಇಲ್ಲದಿದ್ದರೆ ನಾನು ಹೀಗೆ ಆಡಿಸುತ್ತಿದ್ದೆ, ಹಾಗೆ ಆಡಿಸುತ್ತಿದ್ದೆ ಎಂದು ಮನಸ್ಸಿನಲ್ಲೇ ಆಡಿಸುತ್ತಿದ್ದ. ಅವನ ಮನಸ್ಸಿನ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ.

ಅವನ ಪಕ್ಕದಲ್ಲಿ ಆಡದ ಹುಡುಗರು ಕೂತಿರುತ್ತಿದ್ದರು. ಆಡಿ ದಣಿದವರೂ ಬಂದು ಅಲ್ಲಿಯೇ ಕೂರುತ್ತಿದ್ದರು. ಸುಮ್ಮನೆ ಕೂತವರಿಗೆ ಬಾಯಿ ಬರುತ್ತದೆ. ಒಬ್ಬನಿಗೆ ಶೂ ಕಚ್ಚುತ್ತಿತ್ತು. ಅದು ಅಣ್ಣನ ಶೂ, ಅಳತೆ ಕಡಿಮೆ, ಮನೆಯಲ್ಲಿ ಹೊಸದು ಕೇಳಲು ನಾಚಿಕೆ. ಇನ್ನೊಬ್ಬನ ಅಕ್ಕ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಬಂದು ಕೂತಿದ್ದಳು. ಅವನಿಗೆ ಚೆಂಡು ಹಿಡಿದರೂ ಅಕ್ಕನದೇ ಚಿಂತೆ. ಮತ್ತೊಬ್ಬ ತಂಡದ ಹುಲಿ. ಆದರೆ ಪ್ರತಿ ಪಂದ್ಯಕ್ಕೂ ಮೊದಲು ಭಯದಿಂದ ವಾಂತಿ ಮಾಡಿಕೊಳ್ಳುತ್ತಿದ್ದ.

“ಚಿಕ್ ಸಾ, ದೊಡ್ ಸಾರ್‌ಗೆ ಹೇಳ್ಬ್ಯಾಡಿ,” ಎಂದ ಅವನು.

ಚಿಕ್ಕ ಸಾರ್ ಹೇಳಲಿಲ್ಲ. ದೊಡ್ಡ ಸಾರ್ ಹತ್ತಿರ ಹೋಗಿ, ಇವನನ್ನು ಮೊದಲಿಗೇ ಇಳಿಸಬೇಡಿ, ಆಟ ಸ್ವಲ್ಪ ನಡೆಯಲಿ ಎಂದಷ್ಟೇ ಹೇಳಿದ. ದೊಡ್ಡ ಸಾರ್ ಯಾಕೆ ಎಂದು ಕೇಳಲಿಲ್ಲ. ಹಾಗೇ ಮಾಡಿದ. ಆಟ ನಡೆಯುತ್ತಿದ್ದಾಗ ಇಳಿದ ಹುಡುಗನಿಗೆ ಹೆದರಲು ಪುರುಸೊತ್ತು ಸಿಗಲಿಲ್ಲ. ತಂಡ ಗೆದ್ದಿತು.

ಮರುದಿನ ಪತ್ರಿಕೆಯಲ್ಲಿ ದೊಡ್ಡ ಸಾರ್‌ನ ಚಾಣಾಕ್ಷತನದ ಹೊಗಳಿಕೆ ಬಂತು. ಫೋಟೋದಲ್ಲಿ ದೊಡ್ಡ ಸಾರ್ ಪೂರ್ತಿ ಇದ್ದ. ಚಿಕ್ಕ ಸಾರ್‌ನದು ಮೊಣಕೈ ಮಾತ್ರ ಇತ್ತು. ಅವನು ಅದನ್ನು ಹೆಂಡತಿಗೆ ತೋರಿಸಿ, ಇದು ನನ್ನ ಮೊಣಕೈ ಎಂದ. ಅವಳು ಚೆನ್ನಾಗಿ ಬಂದಿದೆ ಎಂದಳು. ಅವನಿಗೆ ಅದೂ ಚುಚ್ಚಿತು.

ಹುಡುಗರು ಹೇಳಿಕೊಂಡದ್ದನ್ನು ಕೇಳುವುದು ಒಂದು ಕೆಲಸ ಎಂದು ಅವನು ತಿಳಿದಿರಲಿಲ್ಲ. ಕಿವಿಗೆ ಬಿದ್ದ ಕಸ ಎಂದುಕೊಂಡಿದ್ದ. ಕೆಲಸ ಎಂದರೆ ನಿಲ್ಲುವುದು, ಕೂಗುವುದು, ಕೈಬೀಸಿ ಐವರನ್ನು ಅಲ್ಲಿಂದ ಇಲ್ಲಿಗೆ ಸರಿಸುವುದು. ಅದು ತನಗೆ ಸಿಕ್ಕಿಲ್ಲ, ಸಿಗಬೇಕು. ಹಗಲೂ ಅದೇ, ಇರುಳೂ ಅದೇ.

ಒಂದು ಪಂದ್ಯ ಬಿಗಿಯಾಗಿ ನಡೆಯುತ್ತಿತ್ತು. ಮುಗಿಯಲು ಇನ್ನೇನು ಬಂತು ಎನ್ನುವಾಗ ಎರಡೂ ತಂಡ ಸಮ ಸಮ. ಚಿಕ್ಕ ಸಾರ್‌ನಿಂದ ತಡೆಯಲಾಗಲಿಲ್ಲ. ಎದ್ದು ನಿಂತ. ಕೈ ಬೀಸಿ ಕೂಗಿದ. ರೆಫರಿ ಕೂರಲು ಸನ್ನೆ ಮಾಡಿದ. ಇವನು ನೋಡಲಿಲ್ಲ. ರೆಫರಿ ಸೀಟಿ ಊದಿ ತಪ್ಪು ಬರೆಸಿದ. ಎದುರಾಳಿಗೆ ಒಂದು ಎಸೆತ ಪುಕ್ಕಟೆ ಸಿಕ್ಕಿತು. ಅವರು ಎಸೆದರು, ಚೆಂಡು ರಿಂಗಿನೊಳಗೆ ಬಿತ್ತು. ಆ ಒಂದು ಅಂಕದಿಂದಲೇ ತಂಡ ಸೋತಿತು.

ಚಿಕ್ಕ ಸಾರ್ ಬೈಗುಳಕ್ಕೆ ಕಾದು ನಿಂತ. ದೊಡ್ಡ ಸಾರ್ ಬೈಯಲಿಲ್ಲ. “ನಿಮಗೂ ಒಂದು ತಂಡ ಬೇಕು ಕಣ್ರೀ,” ಎಂದ, ಅಷ್ಟೇ. ಅದು ಹಾರೈಕೆಯೋ ಚುಚ್ಚುಮಾತೋ ಇವನಿಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳಲಿಲ್ಲ. ಚುಚ್ಚುಮಾತೆಂದೇ ತೆಗೆದುಕೊಂಡು ಆ ಕಾಲೇಜು ಬಿಟ್ಟ.

ಅಲ್ಲಿಂದ ಅವನ ಕಾಲಿಗೆ ಚಕ್ರ ಬಂತು.

ಇನ್ನೊಂದು ಊರಿನ ಕಾಲೇಜಿಗೆ ಹೋದ. ಅಲ್ಲಿಯೂ ಎರಡನೆಯ ಕುರ್ಚಿಯೇ. ಆದರೆ ಅಲ್ಲಿಯ ದೊಡ್ಡ ಸಾರ್‌ಗೆ ವಯಸ್ಸಾಗಿತ್ತು. ನಿವೃತ್ತಿ ಹತ್ತಿರವಿತ್ತು. ಇವನು ಕಾದ. ಆ ಮುದುಕ ಕೆಮ್ಮಿದರೆ ಇವನಿಗೆ ಒಂದು ಆಸೆ, ಆಸೆ ಬಂತಲ್ಲ ಎಂದು ಒಂದು ನಾಚಿಕೆ. ಕೊನೆಗೆ ಮುದುಕ ಹಾರ ಹಾಕಿಸಿಕೊಂಡು ಮನೆಗೆ ಹೋದ. ಮರುದಿನ ಆಡಳಿತ ಮಂಡಳಿಯವರ ಅಳಿಯನೊಬ್ಬ ದೊಡ್ಡ ಸಾರ್ ಆಗಿ ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಒಂದು ಕಡೆ ದೊಡ್ಡ ಸಾರ್ ಇವನಿಗಿಂತ ಚಿಕ್ಕವನಾಗಿದ್ದ. ಹೀಗಿದ್ದರೂ ಹುಡುಗರು ಲೆಕ್ಕ ತಪ್ಪಲಿಲ್ಲ. ತಲೆ ನರೆತ ಇವನೇ ಚಿಕ್ಕ ಸಾರ್, ಮೀಸೆ ಚಿಗುರಿದ ಅವನೇ ದೊಡ್ಡ ಸಾರ್. ಇನ್ನೊಂದು ಕಡೆ ಸೇರಿದ ತಿಂಗಳಲ್ಲೇ ಬಿಟ್ಟ. ಯಾಕೆ ಎಂದು ಅವನಿಗೇ ಸರಿಯಾಗಿ ಹೇಳಲು ಬರಲಿಲ್ಲ.

ಅವನ ಹೆಂಡತಿ ಜಾಣೆ. ಹೊಸ ಬಾಡಿಗೆ ಮನೆಗೆ ಹೋದಾಗ ಅನ್ನಕ್ಕೆ ಒಂದು, ಸಾರಿಗೆ ಒಂದು ಪಾತ್ರೆ ತೆಗೆದಳು. ಉಳಿದ ಮೂಟೆ ಹಾಗೇ ಇಟ್ಟಳು.

“ಅದನ್ನೂ ಬಿಚ್ಚು,” ಎಂದ ಅವನು.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ ಕಾಲ ಬರೋತನ್ಕ ಕಟ್ಟೇ ಇರ್ಲಿ ಬಿಡಿ. ಬಿಚ್ಚೋದು, ಕಟ್ಟೋದು, ನನ್ ಕೈಲಾಗಲ್ಲ.”

ಇಷ್ಟರಲ್ಲಿ ಇನ್ನೊಂದು ಆಗಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಮೊದಲ ಕಾಲೇಜಿನಲ್ಲಿ ಹುಡುಗರು ಅವನ ಪಕ್ಕ ಕೂತು ಮಾತಾಡುತ್ತಿದ್ದರಲ್ಲ, ಆಮೇಲಿನ ಊರುಗಳಲ್ಲಿ ಅದು ಕಡಿಮೆಯಾಗುತ್ತ ಬಂತು. ಅಭ್ಯಾಸದ ನಡುವೆಯೂ ಅವನ ಮನಸ್ಸು ಮುಂದಿನ ಊರಿನಲ್ಲಿ ಇರುತ್ತಿತ್ತು. ಹುಡುಗರಿಗೆ ಅದು ಬೇಗ ತಿಳಿಯುತ್ತದೆ. ಹೊರಟು ನಿಂತವನ ಹತ್ತಿರ ಯಾರೂ ಗುಟ್ಟು ಹೇಳುವುದಿಲ್ಲ. ಅವನು ಪೀಡೆ ತಪ್ಪಿತು ಎಂದುಕೊಂಡ.

ಕೊನೆಗೂ ಅವನ ಕಾಲ ಬಂತು. ಒಂದು ಕಾಲೇಜಿನವರು ನೀವೇ ನಮ್ಮ ಕೋಚ್ ಎಂದರು. ಅವನು ದೊಡ್ಡ ಸಾರ್ ಆದ. ಹೆಂಡತಿ ಮೂಟೆ ಬಿಚ್ಚಿದಳು.

ಮೊದಲ ದಿನವೇ ಅವನು ಪ್ರಿನ್ಸಿಪಾಲರ ಕೋಣೆಗೆ ಹೋದ. ಅವರು ಸಹಾಯಕ ಕೋಚ್ ಹುದ್ದೆಗೆ ಯಾರನ್ನು ತೆಗೆದುಕೊಳ್ಳೋಣ ಎಂದು ಕೇಳಿದರು.

“ಯಾರೂ ಬೇಡ ಸರ್,” ಎಂದ. “ಆ ಕುರ್ಚಿಯ ಸಂಕಟ ಏನೂಂತ ನಂಗೊತ್ತು. ಇನ್ನೊಬ್ಬನ್ನ ಅದ್ರಲ್ಲಿ ಕೂರ್ಸಿ ನಾನು ಪಾಪ ಕಟ್ಕೊಳಲ್ಲ.”

ಪ್ರಿನ್ಸಿಪಾಲರಿಗೆ ಒಂದು ಸಂಬಳ ಉಳಿಯಿತು. ಅವರು ಎರಡು ಮಾತಾಡಲಿಲ್ಲ.

ಅವನು ಅಂಕಣಕ್ಕೆ ಬಂದು ಹುಡುಗರನ್ನು ಸೇರಿಸಿದ. ಇಲ್ಲಿ ದೊಡ್ಡ ಸಾರ್ ಎಂದಿಲ್ಲ, ಚಿಕ್ಕ ಸಾರ್ ಎಂದಿಲ್ಲ, ಸಾರ್ ಎಂದರೆ ಒಬ್ಬನೇ, ಏನಿದ್ದರೂ ನೇರ ನನಗೇ ಹೇಳಿ ಎಂದ. ಹುಡುಗರು ಚಪ್ಪಾಳೆ ತಟ್ಟಿದರು.

ಇಲ್ಲಿ ಚಿಕ್ಕ ಬುದ್ಧಿಯವರ ನಡಿಗೆ ನಿಂತಿತು. “ಅವನು ಮಾಡಿದ್ದು ಸರಿಯಾಗಿಯೇ ಇದೆಯಲ್ಲ, ಬುದ್ಧಿ. ತಾನು ಪಟ್ಟ ಕಷ್ಟ ಇನ್ನೊಬ್ಬನಿಗೆ ಬರಬಾರದು ಎಂದ. ಅದರಲ್ಲಿ ತಪ್ಪೇನು?”

“ತಪ್ಪು ಎಂದು ನಾನು ಎಲ್ಲಿ ಹೇಳಿದೆ?” ಎಂದರು ಗುರು. “ನಿನಗೆ ಅವಸರ. ಕೆಟ್ಟ ಮನಸ್ಸಿನಿಂದ ಮಾಡಿದ ತಪ್ಪು ಮಾಡಿದವನಿಗೇ ಒಳಗೊಳಗೆ ಗೊತ್ತಿರುತ್ತದೆ. ಮರುಕದಿಂದ ಮಾಡಿದ್ದನ್ನು ಮಾಡಿದವನೇ ಕೂತು ಪೂಜೆ ಮಾಡುತ್ತಾನೆ. ಅವನೂ ಪೂಜೆ ಮಾಡಿದ. ಮುಂದೆ ಕೇಳು.”

ಅವನು ನಿಂತ. ಪಂದ್ಯದ ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ನಿಂತ. ಗೆರೆಯುದ್ದಕ್ಕೂ ನಡೆದ. ಯಾರೂ ಕೂರು ಎನ್ನಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಆಡಿಸಿದ್ದನ್ನು ಕಣ್ಣೆದುರು ಆಡಿಸಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಆಡಿಸಿದ. ತಂಡ ಗೆದ್ದಿತು, ಮತ್ತೆ ಗೆದ್ದಿತು. ಪತ್ರಿಕೆಯಲ್ಲಿ ಅವನ ಮುಖ ಬಂತು. ಹೆಂಡತಿ ಈ ಸಲವೂ ಚೆನ್ನಾಗಿ ಬಂದಿದೆ ಎಂದಳು. ಈ ಸಲ ಅವನಿಗೆ ಸಂತೋಷವಾಯಿತು.

ಆಡದ ಹುಡುಗರು ಅವನ ಬೆನ್ನ ಹಿಂದೆ ಕೂತಿರುತ್ತಿದ್ದರು. ಅವರ ಪಕ್ಕ ಯಾರೂ ಇರಲಿಲ್ಲ. ಯಾವ ಹುಡುಗನೂ ಅವನ ಹತ್ತಿರ ಬಂದು ಏನೂ ಹೇಳಿಕೊಳ್ಳಲಿಲ್ಲ. ನಮ್ಮ ಹುಡುಗರಿಗೆ ತಾಪತ್ರಯವೇ ಇಲ್ಲ, ನಾನು ತಂಡ ನಡೆಸುವ ರೀತಿ ಅಂಥದು ಎಂದು ಅವನು ಪ್ರಿನ್ಸಿಪಾಲರ ಮುಂದೆ ಹೇಳಿಕೊಂಡ.

ಆ ತಂಡದಲ್ಲಿ ಒಬ್ಬ ಹುಡುಗನಿದ್ದ. ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಚುರುಕು. ಎಲ್ಲಿಂದ ಎಸೆದರೂ ಚೆಂಡು ರಿಂಗಿಗೆ ಬೀಳುತ್ತಿತ್ತು. ಆ ವರ್ಷ ಅವನಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಗುವುದರಲ್ಲಿತ್ತು. ಅದು ಸಿಕ್ಕರೆ ಮುಂದೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಎಂದು ಊರಿನವರೆಲ್ಲ ಹೇಳುತ್ತಿದ್ದರು. ಕೋಚ್‌ಗೆ ಅವನ ಮೇಲೆ ಜೀವ.

ಒಂದು ದಿನ ಅಭ್ಯಾಸದಲ್ಲಿ ಚೆಂಡಿಗಾಗಿ ಎಳೆದಾಡುವಾಗ ಇನ್ನೊಬ್ಬನ ಬೆರಳು ಅವನ ಎಡಗಣ್ಣಿಗೆ ಹೊಡೆಯಿತು. ಹುಡುಗ ನಲ್ಲಿಯ ನೀರಿನಲ್ಲಿ ಕಣ್ಣು ತೊಳೆದುಕೊಂಡ. ಏನಾಯ್ತು ಎಂದು ಕೋಚ್ ಅಂಕಣದ ಆ ತುದಿಯಿಂದ ಕೇಳಿದ. ಏನಿಲ್ಲ ಸಾರ್ ಎಂದು ಹುಡುಗ ಈ ತುದಿಯಿಂದ ಹೇಳಿದ. ಆಟ ಮುಂದುವರಿಯಿತು.

ಕೆಲವು ದಿನ ಕಳೆದವು. ಹುಡುಗನ ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತೆ ಆಗತೊಡಗಿತು. ಆಮೇಲೆ ಕಪ್ಪು ಚುಕ್ಕೆಗಳು ತೇಲಿದವು. ಆಮೇಲೆ ಎಡಗಡೆಯಿಂದ ಒಂದು ನೆರಳು ಬಂದು ನಿಂತಿತು. ಪರದೆ ಎಳೆದಂತೆ ಅದು ದಿನಕ್ಕಷ್ಟು ಸರಿಯಿತು. ಎಡಗಡೆಯಿಂದ ಬಂದ ಚೆಂಡು ಅವನ ಕೈತಪ್ಪತೊಡಗಿತು.

ಕೋಚ್ ಅದನ್ನು ಕಂಡ. ಅವನಿಗೆ ಆಟ ಗೊತ್ತು. ಹುಡುಗನ ಎಡಗಡೆ ಸಡಿಲಾಗಿದೆ ಎಂದು ಸರಿಯಾಗಿಯೇ ಹೇಳಿದ. ಮದ್ದೂ ಅವನಿಗೆ ಗೊತ್ತಿತ್ತು. ದಿನಾ ಅಭ್ಯಾಸ ಮುಗಿದ ಮೇಲೆ ಹುಡುಗನನ್ನು ನಿಲ್ಲಿಸಿಕೊಂಡು ತಾನೇ ಎಡಗಡೆಯಿಂದ ಚೆಂಡು ಎಸೆದ. ಒಂದಾದ ಮೇಲೊಂದು ಎಸೆದ. ಕೆಲವು ಕೈಗೆ ಸಿಕ್ಕವು. ಕೆಲವು ಭುಜಕ್ಕೆ ಬಡಿದವು, ಕೆನ್ನೆಗೆ ಬಡಿದವು. ಕೋಚ್‌ಗೆ ಸಿಟ್ಟು ಬಂತು. ಹೆಸರು ಬಂತು ನೋಡು, ತಲೆ ತಿರುಗಿದೆ ನಿನಗೆ ಎಂದು ಎಲ್ಲರ ಮುಂದೆ ಬೈದ. ಹುಡುಗ ತಲೆ ತಗ್ಗಿಸಿ ನಿಂತ.

ಅವನು ಹೇಳಬೇಕೆಂದು ಬಂದದ್ದೂ ಉಂಟು. ಒಂದು ಸಂಜೆ ಕೋಚ್‌ನ ಕೋಣೆಯ ಬಾಗಿಲಿಗೆ ಬಂದು ನಿಂತ. ಕೋಚ್ ತಲೆಯೆತ್ತಿ, ಬಾ, ನಾಳೆ ವಿಶ್ವವಿದ್ಯಾಲಯದವರು ನಿನ್ನ ಆಟ ನೋಡಲು ಬರುತ್ತಾರೆ, ನಿನ್ನ ಹೆಸರು ನಾನೇ ಹೇಳಿದ್ದೇನೆ ಎಂದ. ಪ್ರೀತಿಯಿಂದಲೇ ಹೇಳಿದ.

ಹುಡುಗ ಹೂಂ ಸಾರ್ ಎಂದು ಹಿಂದಕ್ಕೆ ಹೋದ.

ಮರುದಿನ ಪಂದ್ಯದಲ್ಲಿ ಎಡಗಡೆಯಿಂದ ಚೆಂಡು ಬಂತು. ಹುಡುಗನಿಗೆ ಕಾಣಲಿಲ್ಲ. ಅದು ನೇರ ಬಂದು ಎಡಗಣ್ಣಿಗೆ ಬಡಿಯಿತು. ಅವನು ಮುಖ ಮುಚ್ಚಿಕೊಂಡು ಕುಸಿದ.

ಆಸ್ಪತ್ರೆಯಲ್ಲಿ ವೈದ್ಯರು ನೋಡಿದರು. ಕಣ್ಣಿನ ಒಳಪೊರೆ ಕಳಚಿದೆ, ಇದು ಇವತ್ತಿನದಲ್ಲ ಎಂದರು. ಮೊದಲ ಮಿಂಚು ಕಂಡ ದಿನವೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಆಪರೇಷನ್ ಮಾಡಿದರು. ಎಡಗಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ಕೋಚ್ ಹುಡುಗನ ಮಂಚದ ಪಕ್ಕದಲ್ಲಿ ನಿಂತ. ಅವನಿಗೆ ದುಃಖ ಉಕ್ಕುತ್ತಿತ್ತು. ದುಃಖದ ಜೊತೆಗೆ ಸಿಟ್ಟೂ ಇತ್ತು.

“ನಂಗ್ಯಾಕೋ ಹೇಳ್ಲಿಲ್ಲ? ಮೊದಲ್ನೇ ದಿನಾನೇ ಹೇಳಿದ್ನಲ್ಲ, ಏನಿದ್ರೂ ನಂಗೇ ಹೇಳಿ ಅಂತ.”

ಹುಡುಗ ಬಲಗಣ್ಣನ್ನು ಅವನ ಕಡೆ ತಿರುಗಿಸಿದ.

“ನಿಮ್ಗೆಂಗ್ ಹೇಳದು ಸಾ,” ಎಂದ. “ಯಾರ್ನ ಆಡಿಸ್ಬೇಕು, ಯಾರ್ನ ಬಿಡ್ಬೇಕು ಅನ್ನೋರು ನೀವು. ಕಣ್ ಕಾಣ್ತಿಲ್ಲ ಅಂದಿದ್ರೆ ಕೂರಿಸ್ಬುಡ್ತಿದ್ರಿ. ಚಿಕ್ ಸಾರ್ ಅಂತ ಒಬ್ರು ಇದ್ದಿದ್ರೆ ಅವ್ರ ಕಿವಿಗ್ ಹಾಕ್ತಿದ್ದೆ. ಅವ್ರ ಕೈಲಿ ಏನೂ ಇರ್ತಿರ್ಲಿಲ್ವಲ್ಲ ಸಾ.”

ತನ್ನ ಕೈಯಲ್ಲಿ ಏನೂ ಇಲ್ಲ ಎಂದೇ ಕೋಚ್ ಇಷ್ಟು ವರ್ಷ ಊರಿಂದೂರಿಗೆ ಅಲೆದಿದ್ದ. ಏನೂ ಇಲ್ಲದ ಆ ಕೈಯನ್ನು ನಂಬಿಯೇ ಒಂದು ಕಾಲದಲ್ಲಿ ಹುಡುಗರು ಅವನ ಪಕ್ಕ ಬಂದು ಕೂರುತ್ತಿದ್ದರು. ಆ ಜಾಗದಲ್ಲಿ ತನಗೆ ನೋವಾಗಿತ್ತು ಎಂದು ಅವನು ಜಾಗವನ್ನೇ ಕಿತ್ತುಹಾಕಿದ್ದ. ಅವನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ.

ಗುರು ಕತೆ ನಿಲ್ಲಿಸಿದರು. ಅಂಕಣದಲ್ಲಿ ಹುಡುಗರು ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದರು. ಚಿಕ್ಕ ಬುದ್ಧಿ ಯಾವಾಗಲೋ ಬೆಂಚಿನ ತುದಿಯಲ್ಲಿ ಕೂತಿದ್ದರು. ಅವರ ಒಂದು ಕಾಲು ಮಾತ್ರ ಇನ್ನೂ ಅಲುಗುತ್ತಿತ್ತು.

“ಆ ಕೋಚ್ ಆಮೇಲೆ ಏನು ಮಾಡಿದ, ಬುದ್ಧಿ?”

“ಪ್ರಿನ್ಸಿಪಾಲರ ಕಾಲು ಹಿಡಿದು ಒಬ್ಬ ಸಹಾಯಕನನ್ನು ತಂದುಕೊಂಡ. ಹೊಸಬ ಬಂದ. ಹುಡುಗರು ಅಂದೇ ಅವನನ್ನು ಚಿಕ್ಕ ಸಾರ್ ಎಂದರು.”

“ಈಗ ಅಲ್ಲಿ ಎಲ್ಲ ಸರಿಯಾಗಿರಬೇಕು.”

“ಎಲ್ಲಿಯ ಸರಿ? ಆ ಹೊಸಬನೂ ಕುರ್ಚಿಯ ಅಂಚಿನಲ್ಲಿ ಕೂತು ಮುಂದಿರುವ ಬೆನ್ನನ್ನೇ ನೋಡುತ್ತಾನಂತೆ. ಬೇರೆ ಕಾಲೇಜು ಹುಡುಕುತ್ತಿದ್ದಾನೆ ಎಂದು ಕೇಳಿದೆ.”

ಚಿಕ್ಕ ಬುದ್ಧಿ ಎದ್ದರು. ಎರಡು ಹೆಜ್ಜೆ ಅತ್ತ ಹೋಗಿ ಮತ್ತೆ ತಿರುಗಿದರು. ಅವರ ದನಿಯಲ್ಲಿ ಅಸಮಾಧಾನವಿತ್ತು.

“ಹಾಗಾದರೆ ನಾನು ಹೊಳೆಯಾಚೆಗೆ ಹೋಗಬಾರದು ಎಂದು ನಿಮ್ಮ ಮಾತೇ? ನಾನು ಇಲ್ಲಿದ್ದರೆ ಹಾಸ್ಟೆಲಿನ ಮಕ್ಕಳಿಗೆ, ಬಂದುಹೋಗುವ ಭಕ್ತರಿಗೆ ನಿಮ್ಮ ಮುಂದೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಬ್ಬ ಇರುತ್ತಾನೆ, ಅದಕ್ಕಾಗಿ ಇರಬೇಕು ಎನ್ನುತ್ತೀರಾ?”

ಗುರು ಕೋಲು ಊರಿಕೊಂಡು ಮೇಲೆದ್ದರು.

“ಇರುವ ಮಾತು, ಹೋಗುವ ಮಾತು ಆಮೇಲೆ, ಮರಿ. ನೀನು ಈ ಮಠಕ್ಕೆ ಬಂದ ಮೇಲೆ ನಿನ್ನ ಮುಂದೆ ಕೂತು ಅತ್ತವರು ಯಾರು, ಒಬ್ಬರ ಹೆಸರು ಹೇಳು.”

ಚಿಕ್ಕ ಬುದ್ಧಿ ಹೆಸರು ಹುಡುಕುತ್ತ ನಿಂತರು.